ಮೃಗಾಲಯದ ಸಂಧಿ, ಅರಮನೆಯ ಸಮಾಸ

ಕನ್ನಡದ ಮನೆಯಲ್ಲಿ ಹುಟ್ಟಿ ಬೆಳೆದ ಮಗು ಒಂದನೆಯ ತರಗತಿಗೆ ಸೇರುವ ಹೊತ್ತಿಗೆ ತನ್ನ ಭಾಷೆಯ ವ್ಯಾಕರಣವನ್ನು ಬಹುಮಟ್ಟಿಗೆ ಕರಗತ ಮಾಡಿಕೊಂಡಿರುತ್ತದೆ. ಅದಕ್ಕೆ ಇನ್ನೂ ತಿಳಿಯದಿರುವುದು ತಾನು ದಿನವೂ ನಾಲಿಗೆಯಿಂದ ಮಾಡುತ್ತಿರುವ ಕೆಲಸಗಳಿಗೆ ಶಾಸ್ತ್ರಕಾರರು ಇಟ್ಟಿರುವ ಹೆಸರುಗಳು ಮಾತ್ರ. "ಮನೆಗೆ" ಎನ್ನುವ ಮಗು "ಮರಗೆ" ಎನ್ನದೆ "ಮರಕ್ಕೆ" ಎನ್ನುತ್ತದೆ, "ಊರ್ಗೆ" ಎಂದು ತಡವರಿಸದೆ "ಊರಿಗೆ" ಎನ್ನುತ್ತದೆ, "ಅಣ್ಣಕ್ಕೆ" ಎಂದು ತಪ್ಪಿಯೂ ಹೇಳದೆ "ಅಣ್ಣನಿಗೆ" ಎನ್ನುತ್ತದೆ. ಈ ನಾಲ್ಕು ರೂಪಗಳನ್ನೂ ಒಂದೇ ಚತುರ್ಥೀ ವಿಭಕ್ತಿ ಎಂದು ಕರೆಯುತ್ತಾರೆಂಬ ಸಂಗತಿ ಅದಕ್ಕೆ ಕೆಲವು ವರ್ಷಗಳ ಮೇಲೆ ಪಠ್ಯಪುಸ್ತಕದಲ್ಲಿ ಎದುರಾಗುತ್ತದೆ. ಆಗ ಹೆಸರನ್ನು ಮೊದಲು ಬಾಯಿಪಾಠ ಮಾಡಿಸಿ, ಅದು ಸೂಚಿಸುವ ಕ್ರಿಯೆಯನ್ನು ಆಮೇಲೆ ತೋರಿಸುವ, ಎಷ್ಟೋ ವೇಳೆ ತೋರಿಸದೆಯೇ ಬಿಡುವ ರೂಢಿಯಿಂದಾಗಿ, ಬಲ್ಲ ವಿಷಯವೇ ಮಗುವಿಗೆ ಅಪರಿಚಿತವಾಗಿ ಕಾಣತೊಡಗುತ್ತದೆ. ಪ್ರಾಥಮಿಕ ಶಾಲೆಯ ವ್ಯಾಕರಣದ ಮುಖ್ಯ ಸಮಸ್ಯೆ ಇದು. ಇದಕ್ಕೆ ಪರಿಹಾರವನ್ನು ದೂರ ಹುಡುಕಬೇಕಾಗಿಲ್ಲ, ಮೈಸೂರಿನಂಥ ನಗರದಲ್ಲಂತೂ ಬೀದಿಯ ನಾಮಫಲಕಗಳೇ ಸಾಕಷ್ಟು ಉದಾಹರಣೆಗಳನ್ನು ಒದಗಿಸುತ್ತವೆ.

ಮೊದಲ ಪಾಠ ಅಕ್ಷರಗಳದು. ಇಂದಿನ ಶಾಲಾ ಪುಸ್ತಕಗಳು ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳನ್ನು ಎಣಿಸುತ್ತವೆ. ತಾವೇ ಸ್ವತಂತ್ರವಾಗಿ ಉಚ್ಚಾರವಾಗಬಲ್ಲ 13 ಸ್ವರಗಳು, ಬೇರೊಂದು ಅಕ್ಷರದ ಜೊತೆಗೂಡಿಯೇ ಬರುವ ಅನುಸ್ವಾರ ವಿಸರ್ಗಗಳೆಂಬ 2 ಯೋಗವಾಹಗಳು, ಸ್ವರದ ನೆರವು ಬೇಕಾಗುವ 34 ವ್ಯಂಜನಗಳು. ವ್ಯಂಜನಗಳಲ್ಲಿ ಮೊದಲ 25ನ್ನು ಐದೈದರಂತೆ ಗುಂಪು ಮಾಡಿರುವುದರಿಂದ ಅವು ವರ್ಗೀಯ ವ್ಯಂಜನಗಳು. ಯಕಾರದಿಂದ ಮುಂದಿನ 9 ಅವರ್ಗೀಯ ವ್ಯಂಜನಗಳು. ಈ ಗುಂಪುಗಳ ಹಿಂದೆ ಬೆರಗು ಹುಟ್ಟಿಸುವಂಥ ಶಾಸ್ತ್ರವೊಂದಿದೆ. ಕವರ್ಗ ಕಂಠದಲ್ಲಿ, ಚವರ್ಗ ತಾಲುವಿನಲ್ಲಿ, ಟವರ್ಗ ನಾಲಿಗೆಯ ತುದಿ ಮೇಲ್ದವಡೆಗೆ ಮಡಚಿಕೊಂಡಾಗ, ತವರ್ಗ ಹಲ್ಲಿನ ಬಳಿ, ಪವರ್ಗ ತುಟಿಗಳಲ್ಲಿ ಹುಟ್ಟುತ್ತವೆ. ಎಂದರೆ ವರ್ಣಮಾಲೆ ಗಂಟಲಿನಿಂದ ಹೊರಟು ತುಟಿಯವರೆಗೆ ಬರುವ ದಾರಿಯ ನಕ್ಷೆಯಾಗಿದೆ. ಪ್ರತಿ ವರ್ಗದ ಒಂದನೆಯ ಮತ್ತು ಮೂರನೆಯ ಅಕ್ಷರಗಳು ಕಡಿಮೆ ಉಸಿರಿನ ಅಲ್ಪಪ್ರಾಣಗಳು, ಎರಡನೆಯ ಮತ್ತು ನಾಲ್ಕನೆಯವು ಹೆಚ್ಚು ಉಸಿರಿನ ಮಹಾಪ್ರಾಣಗಳು, ಐದನೆಯದು ಮೂಗಿನ ನೆರವಿನಿಂದ ಹೊರಡುವ ಅನುನಾಸಿಕ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಕ" ಮತ್ತು "ಖ" ಎಂದು ಹೇಳಿಸಿದರೆ ಎರಡನೆಯದರಲ್ಲಿ ಬಿಸಿಯುಸಿರು ಕೈಗೆ ತಾಗುತ್ತದೆ; ಮೂಗನ್ನು ಮುಚ್ಚಿಕೊಂಡು "ಮ" ಎನ್ನಲು ಹೇಳಿದರೆ ಅಕ್ಷರ ಸರಿಯಾಗಿ ಹೊರಡುವುದಿಲ್ಲ. ಇಷ್ಟಾದ ಮೇಲೆ ಹೆಸರನ್ನು ಹೇಳಿದರೆ ಅದು ಮರೆತುಹೋಗುವುದಿಲ್ಲ.

ಆದರೆ ಶಾಸ್ತ್ರದ ಕ್ರಮವೇ ಕಲಿಕೆಯ ಕ್ರಮವೂ ಆಗಬೇಕೆಂಬ ನಿಯಮವಿಲ್ಲ ಎಂಬುದನ್ನು ಮೈಸೂರು ಜಿಲ್ಲೆಯೇ ನಾಡಿಗೆ ತೋರಿಸಿಕೊಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ ಆರಂಭವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ "ನಲಿ ಕಲಿ" ಪದ್ಧತಿಯಲ್ಲಿ ಅಕ್ಷರಾಭ್ಯಾಸ "ಅ, ಆ, ಇ, ಈ" ಎಂದು ಮೊದಲಾಗುವುದಿಲ್ಲ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ "ರ, ಗ, ಸ, ದ, ಅ" ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಇವಿಷ್ಟೇ ಅಕ್ಷರಗಳಿಂದ ಮಗು ಸರ, ಗರಗಸ, ಅರಸ, ಸರಸ ಮುಂತಾದ ಪದಗಳನ್ನು ಮೊದಲ ವಾರಗಳಲ್ಲೇ ಓದಬಲ್ಲದು. ವರ್ಣಮಾಲೆಯ ಕ್ರಮದ ಸೊಗಸು ಎಂಟು ಹತ್ತು ವರ್ಷದ ಮಗುವಿಗೆ ಅರ್ಥವಾಗುವಂಥದು, ಐದಾರು ವರ್ಷದ ಮಗುವಿಗೆ ಬೇಕಾದದ್ದು ಓದಿದೆನೆಂಬ ಸಂತೋಷ. ಇದೇ ವಿವೇಕವನ್ನು ಮೇಲಿನ ತರಗತಿಗಳ ವ್ಯಾಕರಣಕ್ಕೂ ಅನ್ವಯಿಸಬೇಕಾಗಿತ್ತು. ಅಲ್ಲಿಗೆ ಅದು ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಶಾಲೆಯಲ್ಲಿ ಇಂದು ಕಲಿಸುವ ಪಾರಿಭಾಷಿಕ ಪದಗಳು, ಎಂದರೆ ಒಂದು ಶಾಸ್ತ್ರದೊಳಗೆ ಗೊತ್ತಾದ ಅರ್ಥದಲ್ಲಿ ಬಳಕೆಯಾಗುವ ಹೆಸರುಗಳು, ಎಂಟು ಶತಮಾನಗಳಿಗೂ ಹಿಂದಿನಿಂದ ಹರಿದುಬಂದವು. 12ನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸಲಾಗುವ ನಾಗವರ್ಮನು "ಕಾವ್ಯಾವಲೋಕನ"ದ ಮೊದಲ ಭಾಗವಾದ "ಶಬ್ದಸ್ಮೃತಿ"ಯಲ್ಲಿ ಕನ್ನಡದಲ್ಲಿಯೂ, "ಕರ್ಣಾಟಕ ಭಾಷಾಭೂಷಣ"ದಲ್ಲಿ ಸಂಸ್ಕೃತ ಸೂತ್ರಗಳ ಮೂಲಕವೂ ಕನ್ನಡದ ವ್ಯಾಕರಣವನ್ನು ಹೇಳಿದನು. ಸುಮಾರು 1260ರಲ್ಲಿ ಕೇಶಿರಾಜನು "ಶಬ್ದಮಣಿದರ್ಪಣ"ವನ್ನು ರಚಿಸಿ, ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಲ್ಲಿ ಹಳಗನ್ನಡದ ಪ್ರಯೋಗಗಳನ್ನು ವಿಂಗಡಿಸಿದನು. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳ "ಶಬ್ದಾನುಶಾಸನ"ವನ್ನು ಬರೆದನು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾಗಿ ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿರುವ ಓರಿಯೆಂಟಲ್ ಲೈಬ್ರರಿ ಹಳೆಯ ತಾಳೆಗರಿಗಳನ್ನು ಕೂಡಿಸಿ ಕಾಪಾಡಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ "ಕನ್ನಡ ಕೈಪಿಡಿ"ಯನ್ನು ಹೊರತಂದಿತು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಡಿ. ಎಲ್. ನರಸಿಂಹಾಚಾರ್ಯರು "ಶಬ್ದಮಣಿದರ್ಪಣ"ವನ್ನು ಸಂಪಾದಿಸಿದರೆ, ತೀ. ನಂ. ಶ್ರೀಕಂಠಯ್ಯನವರು "ಕನ್ನಡ ಮಧ್ಯಮ ವ್ಯಾಕರಣ"ವನ್ನು ವಿದ್ಯಾರ್ಥಿಗಳಿಗಾಗಿಯೇ ತಿಳಿಯಾದ ಗದ್ಯದಲ್ಲಿ ಬರೆದುಕೊಟ್ಟರು. ಇಂದಿನ ಪಠ್ಯಪುಸ್ತಕಗಳ ವ್ಯಾಕರಣ ಭಾಗಗಳು ಈ ಪರಂಪರೆಗೆ ಬಹಳ ಋಣಿಯಾಗಿವೆ.

ನಾಮಪದದ ಪಾಠದಲ್ಲಿ ಮಕ್ಕಳಿಗೆ ಅತ್ಯಂತ ಸುಲಭವಾಗಿ ಒಲಿಯುವುದು ಲಿಂಗ. ಕನ್ನಡದಲ್ಲಿ ಲಿಂಗವನ್ನು ನಿರ್ಧರಿಸುವುದು ಪದದ ಆಕಾರವಲ್ಲ, ಅರ್ಥ. ಗಂಡಸನ್ನು ಹೇಳುವ ಪದ ಪುಲ್ಲಿಂಗ, ಹೆಂಗಸನ್ನು ಹೇಳುವ ಪದ ಸ್ತ್ರೀಲಿಂಗ, ಪ್ರಾಣಿಗಳೂ ವಸ್ತುಗಳೂ ನಪುಂಸಕಲಿಂಗ. ಆರನೆಯ ತರಗತಿಯಲ್ಲಿ ಹಿಂದಿ ಕಲಿಯಲು ಕುಳಿತ ಮಗು ರೈಲುಗಾಡಿ ಸ್ತ್ರೀಲಿಂಗವೆಂದು ಕೇಳಿದಾಗ, ಮನೆಯಲ್ಲಿ ಉರ್ದು ಆಡುವ ಮೈಸೂರಿನ ಮಗು ಕನ್ನಡದಲ್ಲಿ ಪುಸ್ತಕಕ್ಕೆ ಗಂಡು ಹೆಣ್ಣೆಂಬ ಭೇದವೇ ಇಲ್ಲವೆಂದು ತಿಳಿದಾಗ, ಭಾಷೆಗಳು ಲೋಕವನ್ನು ಬೇರೆ ಬೇರೆ ರೀತಿಯಲ್ಲಿ ವಿಭಾಗಿಸುತ್ತವೆ ಎಂಬ ದೊಡ್ಡ ವಿಷಯ ಇಬ್ಬರಿಗೂ ಹೊಳೆಯಬಹುದು. ಒಂದೇ ತರಗತಿಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು, ಕೊಡವ ಮನೆಮಾತಿನ ಮಕ್ಕಳು ಕೂಡಿ ಕುಳಿತಿರುವ ಊರಿನಲ್ಲಿ ಇಂಥ ಹೋಲಿಕೆಯನ್ನು ಉಪಾಧ್ಯಾಯರು ಬಿಟ್ಟುಕೊಡಬಾರದು. ಭಾರತದ ಭಾಷೆಗಳ ಅಧ್ಯಯನಕ್ಕೆಂದೇ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾದದ್ದೂ ಇದೇ ಊರಿನಲ್ಲಿ.

ಅರ್ಥವನ್ನೇ ಆಧಾರವಾಗಿ ಹಿಡಿದರೂ ಕನ್ನಡದ ಲಿಂಗದಲ್ಲಿ ಸೂಕ್ಷ್ಮಗಳಿವೆ. "ಮಗು ಅಳುತ್ತಿದೆ" ಎನ್ನುವಾಗ ಮಗು ಮನುಷ್ಯನಾಗಿದ್ದರೂ ಕ್ರಿಯಾಪದ ನಪುಂಸಕದ್ದಾಗುತ್ತದೆ. ಇದನ್ನು ನಿತ್ಯನಪುಂಸಕಲಿಂಗ ಎನ್ನುತ್ತಾರೆ. "ಸೂರ್ಯ ಮೂಡಿದನು" ಎಂದರೂ ಸರಿ, "ಸೂರ್ಯ ಮೂಡಿತು" ಎಂದರೂ ಸರಿ; ಎರಡೂ ಕಡೆ ಸಲ್ಲುವುದರಿಂದ ಅದು ಪುನ್ನಪುಂಸಕಲಿಂಗ. ಕೇಶಿರಾಜನು ಇಂಥ ಬೆರಕೆಗಳನ್ನೆಲ್ಲ ಗಮನಿಸಿ ಒಂಬತ್ತು ಲಿಂಗಗಳನ್ನು ಹೇಳಿದ್ದಾನೆ. ಪ್ರಾಥಮಿಕ ಶಾಲೆಗೆ ಒಂಬತ್ತು ಬೇಡ, ಮೂರು ಸಾಕು. ಆದರೆ "ಮಗು ಬಂದನು" ಎಂದು ಏಕೆ ಹೇಳುವುದಿಲ್ಲವೆಂದು ಕೇಳುವ ವಿದ್ಯಾರ್ಥಿಗೆ ಉತ್ತರವಿದೆಯೆಂಬುದು ಉಪಾಧ್ಯಾಯರಿಗೆ ತಿಳಿದಿರಬೇಕು. ವಚನದ ವಿಷಯ ಇನ್ನೂ ಸರಳ. ಸಂಸ್ಕೃತದಂತೆ ಇಬ್ಬರಿಗಾಗಿ ಬೇರೆ ದ್ವಿವಚನ ಕನ್ನಡಕ್ಕಿಲ್ಲ, ಹುಡುಗರು, ಮರಗಳು, ಅಣ್ಣಂದಿರು ಎಂಬಂತೆ ಬಹುವಚನದ ಪ್ರತ್ಯಯಗಳು ಮಾತ್ರ ಪದಕ್ಕೆ ತಕ್ಕಂತೆ ಬದಲಾಗುತ್ತವೆ, ಒಬ್ಬರೇ ಗುರುಗಳು ಬಂದರೂ ಗೌರವದಿಂದ "ಬಂದರು" ಎನ್ನುತ್ತಾರೆ.

ವಿಭಕ್ತಿಯಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ನಾಮಪದಕ್ಕೂ ವಾಕ್ಯದ ಉಳಿದ ಪದಗಳಿಗೂ ಇರುವ ಸಂಬಂಧವನ್ನು ತಿಳಿಸಲು ಅದರ ಕೊನೆಯಲ್ಲಿ ಸೇರುವ ಉ, ಅನ್ನು, ಇಂದ, ಗೆ, ಅ, ಅಲ್ಲಿ ಮುಂತಾದ ತುಣುಕುಗಳು ವಿಭಕ್ತಿ ಪ್ರತ್ಯಯಗಳು. ಪ್ರತ್ಯಯಕ್ಕೆ ಸ್ವತಂತ್ರವಾದ ಅರ್ಥವಿಲ್ಲ, ಆದರೆ ಅದು ಸೇರದೆ ವಾಕ್ಯ ನಿಲ್ಲುವುದಿಲ್ಲ. ಬೆಟ್ಟವು ಕಾಣುತ್ತದೆ, ಬೆಟ್ಟವನ್ನು ಹತ್ತುತ್ತಾರೆ, ಬೆಟ್ಟಕ್ಕೆ ಹೋಗುತ್ತಾರೆ, ಬೆಟ್ಟದ ಮೆಟ್ಟಿಲು, ಬೆಟ್ಟದಲ್ಲಿ ದೇವಸ್ಥಾನವಿದೆ, ಬೆಟ್ಟದಿಂದ ಇಳಿಯುತ್ತಾರೆ. ಚಾಮುಂಡಿ ಬೆಟ್ಟಕ್ಕೆ ಹೋಗಿಬಂದ ಯಾವ ಮಗುವೂ ಈ ಆರು ರೂಪಗಳಲ್ಲಿ ಒಂದನ್ನೂ ತಪ್ಪಾಗಿ ಬಳಸುವುದಿಲ್ಲ. ತೊಡಕು ಹುಟ್ಟುವುದು ಕೊನೆಯ ವಾಕ್ಯದಲ್ಲಿ. "ಕತ್ತಿಯಿಂದ ಕಡಿದನು" ಎಂಬಲ್ಲಿ "ಇಂದ" ಸಾಧನವನ್ನು ಹೇಳುವುದರಿಂದ ಅದು ತೃತೀಯಾ ವಿಭಕ್ತಿ. "ಬೆಟ್ಟದಿಂದ ಇಳಿದನು" ಎಂಬಲ್ಲಿ ಅದೇ "ಇಂದ" ಅಗಲಿಕೆಯನ್ನು ಹೇಳುತ್ತದೆ, ಅಗಲಿಕೆಗೆ ಸಂಸ್ಕೃತದಲ್ಲಿ ಪಂಚಮಿ ಎಂಬ ಬೇರೆ ವಿಭಕ್ತಿಯಿದೆ. ಸಂಸ್ಕೃತದ ವಿಭಕ್ತಿಗಳ ಸಾಲಿನ ಐದನೆಯ ಸ್ಥಾನವನ್ನು ತುಂಬಲು ಹಳಗನ್ನಡದ ವ್ಯಾಕರಣ "ಅತ್ತಣಿಂ" ಎಂಬ ರೂಪವನ್ನು ಕೊಟ್ಟಿತು, ಹೊಸಗನ್ನಡದ ಶಾಲಾ ವ್ಯಾಕರಣ "ದೆಸೆಯಿಂದ" ಎಂಬುದನ್ನು ಕೊಟ್ಟಿತು. "ಬೆಟ್ಟದ ದೆಸೆಯಿಂದ ಇಳಿದನು" ಎಂದು ಮೈಸೂರಿನಲ್ಲಾಗಲಿ ಮತ್ತೆಲ್ಲಿಯಾಗಲಿ ಯಾರೂ ಹೇಳುವುದಿಲ್ಲ. ಆದರೂ ಪರೀಕ್ಷೆಗಾಗಿ ಮಕ್ಕಳು ಅದನ್ನು ಬರೆಯುತ್ತಾರೆ.

ಇಲ್ಲಿಯೇ ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರ ವಾದ ಗಮನಕ್ಕೆ ಬರಬೇಕಾದದ್ದು. 2000ದಲ್ಲಿ ಪ್ರಕಟವಾದ "ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ" ಎಂಬ ಪುಸ್ತಕದಲ್ಲಿ ಅವರು, ಕನ್ನಡದ ವ್ಯಾಕರಣಗಳು ಸಂಸ್ಕೃತದ ಚೌಕಟ್ಟಿನೊಳಗೆ ಕನ್ನಡವನ್ನು ಕೂರಿಸಲು ಹೊರಟಿರುವುದರಿಂದ ಕನ್ನಡದ ಒಳಗಿನ ಸ್ವರೂಪ ಮರೆಯಾಗಿದೆ ಎಂದು ವಿಸ್ತಾರವಾಗಿ ತೋರಿಸಿದರು. ಅವರ ಎಲ್ಲ ಸಲಹೆಗಳನ್ನೂ ಶಾಲೆಗಳು ಒಪ್ಪಿಲ್ಲ, ಮಹಾಪ್ರಾಣಗಳನ್ನು ಬರೆಹದಿಂದ ಬಿಡಬೇಕೆಂಬ ಸಲಹೆಯನ್ನು ಬಹು ಮಂದಿ ಓದುಗರೂ ಒಪ್ಪಲಾರರು. ಆದರೂ ಪಂಚಮಿಯ ವಿಷಯದಲ್ಲಿ ಇಷ್ಟನ್ನಾದರೂ ಮಕ್ಕಳಿಗೆ ಪ್ರಾಮಾಣಿಕವಾಗಿ ತಿಳಿಸಬಹುದು: ಕನ್ನಡದ ಮಾತಿನಲ್ಲಿ "ಇಂದ" ಎಂಬ ಒಂದೇ ಪ್ರತ್ಯಯ ಎರಡು ಕೆಲಸಗಳನ್ನು ಮಾಡುತ್ತದೆ, ಹಳೆಯ ಶಾಸ್ತ್ರಕಾರರು ಆ ಎರಡು ಕೆಲಸಗಳಿಗೆ ಎರಡು ಹೆಸರು ಕೊಟ್ಟರು. ಹಾಗೆ ತಿಳಿಸಿದರೆ ಪರಂಪರೆಗೂ ಅಗೌರವವಿಲ್ಲ, ಮಗುವಿನ ಕಿವಿಗೂ ಅನ್ಯಾಯವಿಲ್ಲ.

ಸಂಧಿಯೆಂದರೆ ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಸೇರುವುದು. ಹಾಗೆ ಸೇರುವಾಗ ಒಂದು ಅಕ್ಷರ ಬಿಟ್ಟುಹೋದರೆ ಲೋಪ, ಹೊಸದೊಂದು ಬಂದು ಸೇರಿದರೆ ಆಗಮ, ಒಂದರ ಸ್ಥಾನದಲ್ಲಿ ಇನ್ನೊಂದು ಬಂದರೆ ಆದೇಶ. ಈ ಮೂರು ಕನ್ನಡ ಸಂಧಿಗಳು. ದೇವರಾಜ ಮಾರುಕಟ್ಟೆಯ ವೀಳ್ಯದೆಲೆಯಲ್ಲಿ "ವೀಳ್ಯದ" ಎಂಬುದರ ಕೊನೆಯ ಅಕಾರ ಲೋಪವಾಗಿದೆ. "ಕೆರೆಯನ್ನು" ಎಂಬಲ್ಲಿ ಯಕಾರ, "ಗುರುವನ್ನು" ಎಂಬಲ್ಲಿ ವಕಾರ ಆಗಮವಾಗಿವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಾಗ ಕಕಾರಕ್ಕೆ ಗಕಾರ ಆದೇಶವಾಗಿ ಬಂದಿದೆ. 1838ರಲ್ಲಿ ಕೃಷ್ಣಮಾಚಾರ್ಯರು ಹೊಸಗನ್ನಡಕ್ಕೆ ಬರೆದ ವ್ಯಾಕರಣದ ಹೆಸರು "ಹೊಸಗನ್ನಡ ನುಡಿಗನ್ನಡಿ". ಅದರ ಮುಖಪುಟವೊಂದರಲ್ಲೇ ಎರಡು ಆದೇಶ ಸಂಧಿಗಳಿವೆ, ಹೊಸ ಮತ್ತು ಕನ್ನಡ ಸೇರಿದ್ದು ಒಂದು, ನುಡಿ ಮತ್ತು ಕನ್ನಡಿ ಸೇರಿದ್ದು ಇನ್ನೊಂದು.

ಲೋಪ ಆಗಮಗಳ ನಡುವೆ ಕನ್ನಡಿಗರ ನಾಲಿಗೆ ಮಾಡುವ ಆಯ್ಕೆ ಮಕ್ಕಳ ಮುಂದೆ ಒಗಟಾಗಿ ಇಡಲು ಯೋಗ್ಯವಾದದ್ದು. "ಊರು" ಮತ್ತು "ಗುರು" ಎರಡೂ ಉಕಾರದಿಂದ ಮುಗಿಯುತ್ತವೆ; ಆದರೂ "ಅನ್ನು" ಸೇರಿದಾಗ ಮೊದಲನೆಯದು "ಊರನ್ನು" ಎಂದು ಉಕಾರವನ್ನು ಕಳೆದುಕೊಳ್ಳುತ್ತದೆ, ಎರಡನೆಯದು "ಗುರುವನ್ನು" ಎಂದು ಅದನ್ನು ಉಳಿಸಿಕೊಂಡು ವಕಾರವನ್ನು ಕರೆದುಕೊಳ್ಳುತ್ತದೆ. ಕಾಡು, ಹಾಲು, ಕಲ್ಲು, ಮೈಸೂರು ಮೊದಲನೆಯ ಗುಂಪಿಗೆ ಸೇರುತ್ತವೆ, ಮಗು, ಹಸು, ಕರು ಎರಡನೆಯ ಗುಂಪಿಗೆ. ಕಾರಣವನ್ನು ಹುಡುಕುತ್ತ ಹೋದರೆ ಹಳಗನ್ನಡಕ್ಕೆ ತಲುಪಬೇಕಾಗುತ್ತದೆ. ಅಲ್ಲಿ ಊರ್, ಪಾಲ್, ಕಲ್ ಎಂಬ ಪದಗಳು ವ್ಯಂಜನದಿಂದಲೇ ಮುಗಿಯುತ್ತಿದ್ದವು, ಅವುಗಳ ಕೊನೆಯ ಉಕಾರ ಉಚ್ಚಾರದ ಅನುಕೂಲಕ್ಕಾಗಿ ಆಮೇಲೆ ಬಂದು ಸೇರಿದ್ದು, ಆದ್ದರಿಂದಲೇ ಅದು ಸುಲಭವಾಗಿ ಬಿಟ್ಟುಹೋಗುತ್ತದೆ. ಗುರು, ಮಗು ಮುಂತಾದವುಗಳಲ್ಲಿ ಉಕಾರ ಪದದ ಅಂಗವೇ ಆಗಿರುವುದರಿಂದ ಅದನ್ನು ಬಿಟ್ಟರೆ ಅರ್ಥ ಕೆಡುತ್ತದೆ. ಅರ್ಥಕ್ಕೆ ಹಾನಿಯಾಗದ ಕಡೆ ಲೋಪ, ಹಾನಿಯಾಗುವ ಕಡೆ ಆಗಮ ಎಂಬ ಪುಸ್ತಕದ ನಿಯಮಕ್ಕೆ ಇಷ್ಟು ದೀರ್ಘವಾದ ಚರಿತ್ರೆಯಿದೆ. ಇದೇ ಗುಣದಿಂದ ಕನ್ನಡವು ವ್ಯಂಜನಾಂತವಾಗಿ ಬಂದ ಹೊಸ ಪದಗಳಿಗೂ ಉಕಾರವನ್ನು ಹಚ್ಚಿ ಬಸ್ಸು, ಕಾರು ಎಂದು ಮಾಡಿಕೊಂಡಿತು. "ಬಸ್ಸನ್ನು" ಎನ್ನುವ ಮಗು "ಕಲ್ಲನ್ನು" ಎನ್ನುವ ನಿಯಮವನ್ನೇ ಅನುಸರಿಸುತ್ತದೆ.

ಸಂಸ್ಕೃತದಿಂದ ಬಂದ ಪದಗಳು ಸೇರುವಾಗ ಸಂಸ್ಕೃತ ಸಂಧಿಗಳು ನಡೆಯುತ್ತವೆ, ಇವುಗಳಿಗೆ ಮೈಸೂರಿನಲ್ಲಿ ಉದಾಹರಣೆಗಳ ಕೊರತೆಯೇ ಇಲ್ಲ. 1892ರಲ್ಲಿ ಆರಂಭವಾದ ಚಾಮರಾಜೇಂದ್ರ ಮೃಗಾಲಯದ ಹೆಸರಿನಲ್ಲಿ ಎರಡು ಸಂಧಿಗಳಿವೆ. ಚಾಮರಾಜ ಮತ್ತು ಇಂದ್ರ ಸೇರಿದಾಗ ಅಕಾರ ಇಕಾರಗಳೆರಡರ ಸ್ಥಾನದಲ್ಲಿ ಏಕಾರ ಬಂದದ್ದು ಗುಣಸಂಧಿ; ಮೃಗ ಮತ್ತು ಆಲಯ ಸೇರಿದಾಗ ಒಂದೇ ಜಾತಿಯ ಎರಡು ಸ್ವರಗಳು ಕೂಡಿ ದೀರ್ಘವಾದದ್ದು ಸವರ್ಣದೀರ್ಘ ಸಂಧಿ. ಮಹಿಷಾಸುರನಲ್ಲಿ ಸವರ್ಣದೀರ್ಘ, ಚಾಮುಂಡೇಶ್ವರಿಯಲ್ಲಿ ಗುಣ. ಹತ್ತಿರದ ನಂಜನಗೂಡಿನ ನಂಜುಂಡೇಶ್ವರನ ಹೆಸರು ಇನ್ನೂ ಸ್ವಾರಸ್ಯವಾದ್ದು: ನಂಜು ಮತ್ತು ಉಂಡ ಸೇರಿ ನಂಜುಂಡನಾಗುವುದು ಕನ್ನಡದ ಲೋಪಸಂಧಿ, ಅವನಿಗೆ ಈಶ್ವರ ಸೇರುವುದು ಸಂಸ್ಕೃತದ ಗುಣಸಂಧಿ, ಒಂದೇ ಹೆಸರಿನೊಳಗೆ ಎರಡು ಭಾಷೆಗಳ ನಿಯಮಗಳು ಕೂಡಿ ನಡೆದಿವೆ. 1861ರ ಜಗನ್ಮೋಹನ ಅರಮನೆಯನ್ನು ಕಂಡ ಮಕ್ಕಳಿಗೆ ವ್ಯಂಜನ ಸಂಧಿಯನ್ನೂ ಕಷ್ಟವಿಲ್ಲದೆ ಹೇಳಬಹುದು. ಜಗತ್ ಎಂಬ ಪದದ ಕೊನೆಯ ತಕಾರ ಮುಂದೆ ಮಕಾರ ಬಂದಾಗ ತನ್ನ ವರ್ಗದ ಅನುನಾಸಿಕವಾಗಿ ಜಗನ್ಮೋಹನ ಎಂದಾಗುತ್ತದೆ, ಅದು ಅನುನಾಸಿಕ ಸಂಧಿ. ಸ್ವರ ಬಂದಾಗ ದಕಾರವಾಗಿ ಜಗದೀಶ ಎಂದಾಗುತ್ತದೆ, ಅದು ಜಶ್ತ್ವ ಸಂಧಿ. ಚವರ್ಗದ ಅಕ್ಷರ ಬಂದಾಗ ತಾನೂ ಚವರ್ಗಕ್ಕೆ ಸರಿದು ಜಗಜ್ಜ್ಯೋತಿ ಎಂದಾಗುತ್ತದೆ, ಅದು ಶ್ಚುತ್ವ ಸಂಧಿ. ಒಂದು ಪದವನ್ನು ಹಿಡಿದು ಮೂರು ಸಂಧಿಗಳನ್ನೂ ತೋರಿಸುವುದು ಮೂರು ವ್ಯಾಖ್ಯೆಗಳನ್ನು ಉರು ಹೊಡೆಸುವುದಕ್ಕಿಂತ ಎಷ್ಟೋ ಮೇಲು. ಉಳಿದ ವೃದ್ಧಿಸಂಧಿಗೆ ಏಕೈಕ, ಯಣ್ ಸಂಧಿಗೆ ಅತ್ಯಂತ ಎಂಬ ಪದಗಳು ಸಾಕು.

ಸಂಧಿಯಲ್ಲಿ ಸೇರುವುದು ಅಕ್ಷರಗಳಾದರೆ ಸಮಾಸದಲ್ಲಿ ಸೇರುವುದು ಅರ್ಥವುಳ್ಳ ಪದಗಳು. ನಡುವಿನ ವಿಭಕ್ತಿ ಪ್ರತ್ಯಯ ಮರೆಯಾಗಿ ಎರಡು ಪದಗಳು ಒಂದಾಗುತ್ತವೆ, ಅದನ್ನು ಮತ್ತೆ ಬಿಡಿಸಿ ಹೇಳುವುದು ವಿಗ್ರಹವಾಕ್ಯ. ಅರಸನ ಮನೆ ಅರಮನೆಯಾದದ್ದು, ನಾಡಿನ ಹಬ್ಬ ನಾಡಹಬ್ಬವಾದದ್ದು ತತ್ಪುರುಷ, ಏಕೆಂದರೆ ಅಲ್ಲಿ ಎರಡನೆಯ ಪದದ ಅರ್ಥವೇ ಮುಖ್ಯ. ಮಹಾರಾಜ ಎಂಬಲ್ಲಿ ಮೊದಲ ಪದ ಎರಡನೆಯದರ ವಿಶೇಷಣವಾಗಿರುವುದರಿಂದ ಕರ್ಮಧಾರಯ; ನವರಾತ್ರಿಯಲ್ಲಿ ಮೊದಲ ಪದ ಸಂಖ್ಯೆಯಾಗಿರುವುದರಿಂದ ದ್ವಿಗು; ನಂಜನ್ನು ಉಂಡವನು ಯಾರೋ ಅವನು ನಂಜುಂಡ ಎಂಬಲ್ಲಿ ಎರಡು ಪದಗಳನ್ನೂ ಮೀರಿದ ಮೂರನೆಯವನೊಬ್ಬ, ಶಿವ, ಸೂಚಿತನಾಗುವುದರಿಂದ ಬಹುವ್ರೀಹಿ. ಗಿಡಮರ, ಆನೆಕುದುರೆ ಎಂಬಲ್ಲಿ ಎರಡೂ ಸಮನಾದ್ದರಿಂದ ದ್ವಂದ್ವ. ಕೈಯ ಒಂದು ಭಾಗವನ್ನು ಹೇಳುವ ಅಂಗೈ ಅಂಶಿ. ಕೈಮುಗಿ ಎಂಬುದು ಕ್ರಿಯಾಸಮಾಸ. ಆ ಬೆಟ್ಟ, ಮಾಡಿದಡುಗೆ ಮುಂತಾದವು ಗಮಕಸಮಾಸ.

ಸಮಾಸದ ಪಾಠದಲ್ಲಿ ಮಕ್ಕಳು ತಪ್ಪದೆ ಚರ್ಚಿಸಬೇಕಾದ ಒಂದು ಪದ ಅರಿಸಮಾಸ. ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸಮಾಸ ಮಾಡುವುದು ಸಲ್ಲದೆಂದು ಹಳೆಯ ವ್ಯಾಕರಣಗಳು ಹೇಳಿ, ಬಿರುದಾವಳಿಗಳಿಗೂ ಹಿಂದಿನ ಕವಿಗಳು ಬಳಸಿದ ಕೆಲವು ರೂಪಗಳಿಗೂ ವಿನಾಯಿತಿ ಕೊಟ್ಟವು. ನಾಡಹಬ್ಬಕ್ಕೆ ಈ ದೋಷ ತಾಗದು. "ಹಬ್ಬ" ಸಂಸ್ಕೃತದ "ಪರ್ವ"ದಿಂದ ಹುಟ್ಟಿದರೂ ಕನ್ನಡದ ಜಾಯಮಾನಕ್ಕೆ ತಕ್ಕಂತೆ ಬದಲಾದ ತದ್ಭವ, ತದ್ಭವವನ್ನು ಕನ್ನಡ ಪದದಂತೆಯೇ ಎಣಿಸುತ್ತಾರೆ. ಬದಲಾವಣೆಯಿಲ್ಲದೆ ಬಂದ ಪದ ತತ್ಸಮ. ಹಾಗಾದರೆ ದಸರಾ ಕಾಲದಲ್ಲಿ ಮೈಸೂರಿನ ಪತ್ರಿಕೆಗಳೆಲ್ಲ ಬರೆಯುವ "ಗಜಪಡೆ" ಏನು? ಗಜ ತತ್ಸಮ, ಪಡೆ ಅಚ್ಚಗನ್ನಡ. ಕಟ್ಟುನಿಟ್ಟಾದ ಲೆಕ್ಕದಲ್ಲಿ ಅದು ಅರಿಸಮಾಸವೇ ಸರಿ. ಆದರೂ ಆ ಪದ ಎಷ್ಟು ಸಹಜವಾಗಿ ಬೇರೂರಿದೆಯೆಂದರೆ ಅದನ್ನು ತಪ್ಪೆಂದು ಗೆರೆ ಹೊಡೆಯುವುದು ಅವಿವೇಕವಾಗುತ್ತದೆ. ವ್ಯಾಕರಣದ ನಿಯಮ ಒಂದು ಕಾಲದ ಪ್ರಯೋಗವನ್ನು ನೋಡಿ ಬರೆದದ್ದು, ಪ್ರಯೋಗ ಮುಂದೆ ನಡೆದಾಗ ನಿಯಮದ ಸೀಮೆಯೂ ಗೊತ್ತಾಗುತ್ತದೆ ಎಂಬುದನ್ನು ಹತ್ತು ಹನ್ನೆರಡು ವರ್ಷದ ಮಕ್ಕಳು ಚೆನ್ನಾಗಿಯೇ ಗ್ರಹಿಸಬಲ್ಲರು.

ಕ್ರಿಯಾಪದದಲ್ಲಿ ಮೂರು ಕಾಲಗಳ ರೂಪಗಳು ಸುಲಭ, ಗಮನವಿಡಬೇಕಾದದ್ದು ಅರ್ಥರೂಪಗಳಲ್ಲಿ. ಅಪ್ಪಣೆ, ಹಾರೈಕೆಗಳನ್ನು ಹೇಳುವ ವಿಧ್ಯರ್ಥಕ, ಕೆಲಸ ನಡೆಯದೆಂದು ಹೇಳುವ ನಿಷೇಧಾರ್ಥಕ, ನಡೆಯಬಹುದೆಂಬ ಊಹೆಯನ್ನು ಹೇಳುವ ಸಂಭಾವನಾರ್ಥಕ ಎಂಬ ಮೂರರಲ್ಲಿ ಕೊನೆಯದು ಕನ್ನಡದ ವಿಶೇಷ ಸಂಪತ್ತು. "ಮಳೆ ಬಂದೀತು", "ಅವನು ಹೋದಾನು" ಎಂಬ ಒಂದೊಂದು ಪದದಲ್ಲಿ ಸಂಶಯ, ನಿರೀಕ್ಷೆ, ಎಚ್ಚರಿಕೆ ಎಲ್ಲವೂ ಅಡಕವಾಗಿರುತ್ತವೆ. ಜಗಲಿಯ ಅಂಚಿನಲ್ಲಿ ಓಡುವ ಮಗುವಿಗೆ ತಾಯಿ "ಬಿದ್ದೀಯ, ಜೋಕೆ" ಎನ್ನುವಾಗ ಬಳಸುವುದು ಈ ರೂಪವನ್ನೇ. ಶಾಲೆಯ ಬರೆಹದಲ್ಲಿ ಇದರ ಜಾಗವನ್ನು "ಬೀಳಬಹುದು" ಎಂಬ ಸಪ್ಪೆ ರೂಪ ಆಕ್ರಮಿಸುತ್ತಿರುವುದು ದುಃಖದ ಸಂಗತಿ. ಮಕ್ಕಳಿಂದ ಇಂಥ ವಾಕ್ಯಗಳನ್ನು ಮತ್ತೆ ಮತ್ತೆ ಬರೆಯಿಸಬೇಕು.

ವ್ಯಾಕರಣದ ಪಕ್ಕದಲ್ಲಿಯೇ ಅಲಂಕಾರ ಮತ್ತು ಛಂದಸ್ಸಿನ ಪ್ರವೇಶವಾಗುತ್ತದೆ. ದಸರಾ ದೀಪಗಳು ಹೊತ್ತಿಕೊಂಡಾಗ "ಅರಮನೆಯು ಚುಕ್ಕಿ ತುಂಬಿದ ಆಕಾಶದಂತೆ ಹೊಳೆಯಿತು" ಎಂದರೆ ಉಪಮೆ. ಅಲ್ಲಿ ಅರಮನೆ ಉಪಮೇಯ, ಎಂದರೆ ವರ್ಣಿಸಬೇಕಾದದ್ದು. ಆಕಾಶ ಉಪಮಾನ, ಎಂದರೆ ಹೋಲಿಕೆಗೆ ತಂದದ್ದು. "ಅಂತೆ" ಎಂಬುದು ಉಪಮಾವಾಚಕ. ಹೊಳೆಯುವುದು ಎರಡಕ್ಕೂ ಸಮಾನವಾದ ಧರ್ಮ. "ಅರಮನೆಯೆಂಬ ಆಕಾಶ ಹೊಳೆಯಿತು" ಎಂದು ಎರಡನ್ನೂ ಒಂದೇ ಮಾಡಿದರೆ ರೂಪಕ. "ಆಕಾಶವೇ ನೆಲಕ್ಕಿಳಿಯಿತೋ ಎಂಬಂತೆ ಅರಮನೆ ಹೊಳೆಯಿತು" ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಲಕ್ಷ್ಮೀಶನಿಗೆ ಉಪಮಾಲೋಲ ಎಂಬ ಬಿರುದುಗಳನ್ನು ಕನ್ನಡಿಗರು ಕೊಟ್ಟಿರುವುದನ್ನು ನೋಡಿದರೆ, ಈ ಭೇದಗಳು ಸಾಮಾನ್ಯ ಕೇಳುಗರಿಗೂ ಒಂದು ಕಾಲದಲ್ಲಿ ಎಷ್ಟು ಪರಿಚಿತವಾಗಿದ್ದವೆಂದು ಊಹಿಸಬಹುದು.

ಛಂದಸ್ಸು ಬೆರಳುಗಳಿಂದ ಕಲಿಯುವ ವಿದ್ಯೆ. ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಹ್ರಸ್ವಾಕ್ಷರ ಲಘು. ಎರಡು ಮಾತ್ರೆ ಬೇಕಾಗುವ ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ವಿಸರ್ಗಗಳನ್ನು ಕೂಡಿದ ಅಕ್ಷರ ಗುರು. ಹೀಗೆ ಗುರುತು ಹಾಕುತ್ತ ಹೋಗುವುದಕ್ಕೆ ಪ್ರಸ್ತಾರವೆಂದು ಹೆಸರು. "ಅರಮನೆ" ನಾಲ್ಕು ಲಘುಗಳು, ನಾಲ್ಕು ಮಾತ್ರೆ; "ಕನ್ನಡ" ಒಂದು ಗುರು ಎರಡು ಲಘು, ಅದೂ ನಾಲ್ಕು ಮಾತ್ರೆ, ಮೂರಕ್ಷರಗಳ ಗುಂಪಾದ ಅಕ್ಷರಗಣದಲ್ಲಿ ಭಗಣ; "ದಸರಾ" ಎರಡು ಲಘು ಒಂದು ಗುರು, ಸಗಣ; "ಮೈಸೂರು" ಎರಡು ಗುರು ಒಂದು ಲಘು, ತಗಣ. ಆರು ಸಾಲುಗಳ ಪದ್ಯವಾದ ಷಟ್ಪದಿಯ ಆರು ಬಗೆಗಳಲ್ಲಿ ಕುಮಾರವ್ಯಾಸನು ಆರಿಸಿಕೊಂಡ ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಇಪ್ಪತ್ತಮೂರು, ಒಟ್ಟು 102. ಕಂದಪದ್ಯ ಇನ್ನೂ ಹಳೆಯದು. ನಾಲ್ಕು ಮಾತ್ರೆಯ ಗಣಗಳು ಮೊದಲ ಸಾಲಿನಲ್ಲಿ ಮೂರು, ಎರಡನೆಯದರಲ್ಲಿ ಐದು, ಮತ್ತೆ ಮೂರು, ಮತ್ತೆ ಐದು ಬಂದು 64 ಮಾತ್ರೆಗಳಿಗೆ ನಿಲ್ಲುತ್ತದೆ. ಕೇಶಿರಾಜನು ತನ್ನ ವ್ಯಾಕರಣ ಸೂತ್ರಗಳನ್ನು ಬರೆದದ್ದು ಈ ಕಂದದಲ್ಲಿಯೇ. ಆದ್ದರಿಂದ ಮಾತ್ರೆ ಎಣಿಸಲು ಕಲಿತ ಎಂಟನೆಯ ತರಗತಿಯ ವಿದ್ಯಾರ್ಥಿ "ಶಬ್ದಮಣಿದರ್ಪಣ"ದ ಯಾವುದೇ ಪುಟವನ್ನು ತೆರೆದು, ಹಳಗನ್ನಡದ ಅರ್ಥ ಪೂರ್ತಿ ತಿಳಿಯುವುದಕ್ಕೆ ಮೊದಲೇ, ಲೋಪ ಆಗಮ ಆದೇಶಗಳ ಸೂತ್ರಗಳು 64 ಮಾತ್ರೆಗಳೊಳಗೆ ಸರಿಯಾಗಿ ಕೂರುತ್ತವೆಯೇ ಎಂದು ತಾನೇ ಎಣಿಸಿ ನೋಡಬಹುದು.